ತೋಟದ ದಾರಿಗೆ ಹೊಸ ಆಫ್‌ರೋಡ್ ಗಾಡಿ: ಬುಕ್ ಮಾಡುವ ಮೊದಲು ಹೀಗೆ ಅಳೆದು ನೋಡಿ

ಮೂಡಿಗೆರೆ, ಸಕಲೇಶಪುರ, ಕಳಸ, ಕೊಪ್ಪದ ಕಡೆ ಮನೆ ಇರುವವರಿಗೆ ಟಾರು ರಸ್ತೆ ಮುಗಿದ ಮೇಲೂ ಒಂದಷ್ಟು ದಾರಿ ಉಳಿದಿರುತ್ತದೆ. ಬೇಸಿಗೆಯಲ್ಲಿ ಸಣ್ಣ ಕಾರು ಕೂಡ ಆರಾಮಾಗಿ ಹೋಗುವ ಆ ದಾರಿ ಪುಷ್ಯ ಮಳೆ ಹಿಡಿದ ಮೇಲೆ ಬೇರೆಯೇ ಆಗಿಬಿಡುತ್ತದೆ. ಅದಕ್ಕೇ ಹೊಸ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಬಂತು ಅಂದರೆ ನಮ್ಮ ಕಡೆ ತೋಟದವರ ಕಿವಿ ನೆಟ್ಟಗಾಗುತ್ತದೆ.

ಆದರೆ ಈ ಗಾಡಿಗಳ ಬಗ್ಗೆ ನೋಡಲು ಸಿಗುವ ವಿಡಿಯೋಗಳಲ್ಲಿ ಬಹುಪಾಲು ಒಣ ಕಲ್ಲು, ಮರಳು, ಹಿಮದ ದಾರಿ. ನಮ್ಮದು ಕೆಮ್ಮಣ್ಣಿನ ಕೆಸರು, ಪಾಚಿ ಹಿಡಿದ ಕಲ್ಲು, ಎರಡೂ ಕಡೆ ಕಾಫಿ ಗಿಡ, ಒಂದು ಬದಿ ಕುಸಿಯಲು ಕಾದಿರುವ ಧರೆ. ಅಲ್ಲಿ ಗೆದ್ದ ಗಾಡಿ ಇಲ್ಲಿ ಗೆಲ್ಲಲೇಬೇಕು ಅಂತೇನಿಲ್ಲ. ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ತಿರುಗಾಮುರುಗಾ. ಮೊದಲು ನಿಮ್ಮ ದಾರಿ ನೋಡಿ, ಆಮೇಲೆ ಗಾಡಿ ನೋಡಿ. ಉದಾಹರಣೆಗೆ ಮಾರುತಿ ಜಿಮ್ನಿ, ಮಹೀಂದ್ರಾ ಥಾರ್, ಥಾರ್ ರಾಕ್ಸ್, ಫೋರ್ಸ್ ಗೂರ್ಖಾ ಇವುಗಳನ್ನು ತೆಗೆದುಕೊಂಡಿದ್ದೇನೆ. ನಾಳೆ ಬರುವ ಯಾವ ಗಾಡಿಗೂ ಇದೇ ಲೆಕ್ಕ ಹಾಕಬಹುದು.

ಟೇಪು ಹಿಡಿದು ದಾರಿಗೆ ಹೋಗಿ

ಹತ್ತು ಅಡಿಯ ಒಂದು ಟೇಪು, ನೆಟ್ಟಗಿರುವ ಒಂದು ಬಿದಿರು ಗಳ, ಮೊಬೈಲ್. ಇಷ್ಟು ಸಾಕು. ಆದಷ್ಟೂ ಮಳೆಗಾಲದಲ್ಲಿ ಅಥವಾ ಮಳೆ ಬಿಟ್ಟ ತಕ್ಷಣ ಹೋಗಿ. ಬೇಸಿಗೆಯಲ್ಲಿ ಜೆಸಿಬಿ ಬಂದು ಸಮ ಮಾಡಿದ ದಾರಿ ಅಳೆದರೆ ಏನೂ ಪ್ರಯೋಜನವಿಲ್ಲ.

ಮೊದಲು ಟ್ರ್ಯಾಕ್ಟರ್ ಮತ್ತು ಪಿಕಪ್ ಓಡಿ ಬಿದ್ದಿರುವ ಚಕ್ರದ ಜಾಡು ನೋಡಿ. ಎರಡು ಜಾಡಿನ ನಡುವೆ ಮಣ್ಣಿನ ದಿಬ್ಬ ಎದ್ದಿರುತ್ತದೆ, ಅದರ ಮೇಲೆ ಹುಲ್ಲು ಬೆಳೆದಿರುತ್ತದೆ. ಗಳವನ್ನು ಆ ದಿಬ್ಬದ ಮೇಲೆ ಅಡ್ಡ ಇಟ್ಟು, ಗಳದಿಂದ ಜಾಡಿನ ತಳಕ್ಕೆ ಎಷ್ಟಿದೆ ಅಂತ ಅಳೆಯಿರಿ. ಈ ಒಂದು ಅಳತೆ ತುಂಬಾ ಮುಖ್ಯ. ಈ ಥರದ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಅದರ ಮಧ್ಯೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ) ಗುಂಡೇ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿರುತ್ತದೆ. ಅದು ನಿಮ್ಮ ದಿಬ್ಬವನ್ನು ಉಳುತ್ತದೋ ಇಲ್ಲ ಅದರ ಮೇಲೆ ಕೂತುಬಿಡುತ್ತದೋ ಅನ್ನುವುದು ಈ ಅಳತೆಯಲ್ಲಿದೆ. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ, 210 ಮಿಲಿಮೀಟರ್, ಮೂರು ಬಾಗಿಲಿನ ಥಾರ್‌ನದ್ದು 226, 2024ರ ಗೂರ್ಖಾದ್ದು 233. ನಿಮ್ಮ ದಿಬ್ಬ 15 ಸೆಂಟಿಮೀಟರ್ ಇದ್ದರೆ ಮೂರೂ ಪರವಾಗಿಲ್ಲ. 22 ಸೆಂಟಿಮೀಟರ್ ಇದ್ದರೆ ಜಿಮ್ನಿ ಹೊಟ್ಟೆ ಉಜ್ಜುತ್ತದೆ, ಥಾರ್ ಕೂಡ ಕಷ್ಟ. ಕೆಸರಿನಲ್ಲಿ ಚಕ್ರ ಇನ್ನೆರಡು ಇಂಚು ಇಳಿಯುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಹಾಗಿದ್ದಾಗ ಗಾಡಿ ಬದಲಿಸುವುದಕ್ಕಿಂತ ಎರಡು ಲೋಡ್ ಜಲ್ಲಿ ಹಾಕಿಸುವುದು ಅಗ್ಗ. ಇದನ್ನು ಯಾವ ಸೇಲ್ಸ್ ಹುಡುಗನೂ ಹೇಳುವುದಿಲ್ಲ.

ಎರಡನೆಯದು ಅಗಲ. ತೋಟದ ಗೇಟು, ಉಣುಗೋಲು ಹಾಕುವ ಕಂಬಗಳ ನಡುವಿನ ಜಾಗ, ಮೋರಿಯ ಮೇಲಿನ ದಾರಿ, ಎಲ್ಲಾದರೂ ಮರದ ಸಂಕ ಇದ್ದರೆ ಅದು. ಇದರಲ್ಲಿ ಎಲ್ಲಕ್ಕಿಂತ ಕಿರಿದಾದದ್ದು ಯಾವುದೋ ಅದನ್ನು ಬರೆದುಕೊಳ್ಳಿ. ಜಿಮ್ನಿಯ ಅಗಲ 1645 ಮಿಲಿಮೀಟರ್, ರಾಕ್ಸ್‌ನದ್ದು 1870. ಹೆಚ್ಚುಕಮ್ಮಿ ಮುಕ್ಕಾಲು ಅಡಿ ವ್ಯತ್ಯಾಸ. ಊರಿನ ರಸ್ತೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಎರಡೂ ಕಡೆ ರೋಬಸ್ಟಾ ರೆಕ್ಕೆ ಚಾಚಿಕೊಂಡಿರುವ ದಾರಿಯಲ್ಲಿ, ಎದುರಿಂದ ಗೊಬ್ಬರದ ಟ್ರ್ಯಾಕ್ಟರ್ ಬಂದಾಗ, ಮುಕ್ಕಾಲು ಅಡಿ ಅಂದರೆ ಹಿಂದಕ್ಕೆ ಅರ್ಧ ಕಿಲೋಮೀಟರ್ ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆ. ಕಾಫಿ ಕೊಂಬೆ ಹೊಸ ಬಣ್ಣದ ಮೇಲೆ ಗೀರು ಹಾಕುವುದಂತೂ ಗ್ಯಾರಂಟಿ.

ಮೂರನೆಯದು ಹಳ್ಳ ದಾಟುವ ಜಾಗ. ಜೋರು ಮಳೆಯ ದಿನ ನೀರು ಎಲ್ಲಿಗೆ ಬರುತ್ತದೆ ಅಂತ ತೋಟದ ಹಳೇ ಆಳುಗಳನ್ನು ಕೇಳಿ, ಅವರು ಮರದ ಬುಡ ತೋರಿಸಿ ಕರಾರುವಾಕ್ಕಾಗಿ ಹೇಳುತ್ತಾರೆ. ಥಾರ್ ಮತ್ತು ರಾಕ್ಸ್ 650 ಮಿಲಿಮೀಟರ್ ನೀರು ದಾಟುತ್ತವೆ, ಗೂರ್ಖಾ 700 ದಾಟುತ್ತದೆ ಅಂತ ಕಂಪನಿಗಳು ಹೇಳುತ್ತವೆ. ಆ ಲೆಕ್ಕ ನಿಂತ ನೀರಿಗೆ, ನಿಧಾನವಾಗಿ ಹೋಗುವುದಕ್ಕೆ. ಹರಿಯುವ ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ, ಕಲ್ಲು ಉರುಳಿ ಗುಂಡಿ ಬಿದ್ದಿರಬಹುದು. ಮೊಣಕಾಲು ಮುಳುಗುವ ಹರಿವಿಗೆ ಯಾವ ಗಾಡಿಯನ್ನೂ ಇಳಿಸಬೇಡಿ. ಆ ಹಳ್ಳ ವರ್ಷಕ್ಕೆ ನಾಲ್ಕು ದಿನ ಹಾಗೆ ಹರಿಯುತ್ತದೆ ಅಂದರೆ ಆ ನಾಲ್ಕು ದಿನ ಮನೆಯಲ್ಲಿರಿ.

ನಾಲ್ಕನೆಯದು ಅತಿ ಕಡಿದಾದ ಏರು. ಮೊಬೈಲ್‌ನಲ್ಲಿ ಇಳಿಜಾರು ಅಳೆಯುವ ಆ್ಯಪ್ ಇರುತ್ತದೆ, ಗಳದ ಮೇಲೆ ಮೊಬೈಲ್ ಇಟ್ಟು ನೋಡಿ. ಏರು ಶುರುವಾಗುವ ಜಾಗದಲ್ಲಿ ಮತ್ತು ನೆತ್ತಿಯಲ್ಲಿ ದಾರಿ ಹೇಗೆ ಮುರಿಯುತ್ತದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಬ್ರೋಷರ್‌ನ ಮೂರು ಕೋನಗಳು

ಬ್ರೋಷರ್‌ನಲ್ಲಿ ಸ್ಕ್ರೀನು, ಸನ್‌ರೂಫು, ಸ್ಪೀಕರ್ ದೊಡ್ಡಕ್ಷರದಲ್ಲಿ ಇರುತ್ತವೆ. ನಮಗೆ ಬೇಕಾದದ್ದು ಕೊನೆಯ ಪುಟದ ಸಣ್ಣ ಅಕ್ಷರ. ಅಲ್ಲಿ ಅಪ್ರೋಚ್, ಬ್ರೇಕ್‌ಓವರ್, ಡಿಪಾರ್ಚರ್ ಅಂತ ಮೂರು ಕೋನ ಕೊಟ್ಟಿರುತ್ತಾರೆ. ಮುಂದಿನ ಬಂಪರ್ ತಾಗದೆ ಎಷ್ಟು ಕಡಿದಾದ ದಿಬ್ಬಕ್ಕೆ ಮೂತಿ ಇಡಬಹುದು ಅನ್ನುವುದು ಮೊದಲನೆಯದು. ಹಿಂದಿನ ಬಂಪರ್ ತಾಗದೆ ಇಳಿಯುವುದು ಕೊನೆಯದು. ನಡುವಿನದು ಹೊಟ್ಟೆಯ ಲೆಕ್ಕ.

ರಾಕ್ಸ್‌ನ ಅಪ್ರೋಚ್ ಕೋನ 41.7 ಡಿಗ್ರಿ, ಡಿಪಾರ್ಚರ್ 36.1. ಜಿಮ್ನಿ 36 ಮತ್ತು 47. ಎರಡೂ ಚೆನ್ನಾಗಿವೆ. ನಮ್ಮ ತೋಟದ ದಾರಿಯಲ್ಲಿ ಮುಂದೆ ಹಿಂದೆ ತಾಗುವುದು ಅಪರೂಪ. ತೊಂದರೆ ಕೊಡುವುದು ಹೊಟ್ಟೆ. ಮಳೆನೀರು ದಾರಿ ಕೊಚ್ಚದಿರಲಿ ಅಂತ ನಾವೇ ಅಲ್ಲಲ್ಲಿ ಅಡ್ಡ ಚರಂಡಿ ತೋಡಿ, ತೆಗೆದ ಮಣ್ಣನ್ನು ಪಕ್ಕದಲ್ಲೇ ಉಬ್ಬಾಗಿ ಹಾಕಿರುತ್ತೇವಲ್ಲ, ಅದರ ಮೇಲೆ ಉದ್ದ ಗಾಡಿ ಹತ್ತಿದಾಗ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ, ಉಬ್ಬು ನೇರ ಹೊಟ್ಟೆಗೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ಜಾಸ್ತಿಯಾದಷ್ಟೂ ಈ ಕೋನ ಸಣ್ಣದಾಗುತ್ತದೆ. ಮೂರು ಬಾಗಿಲಿನ ಥಾರ್‌ನಲ್ಲಿ ಆ ಅಂತರ 2450 ಮಿಲಿಮೀಟರ್. ಐದು ಬಾಗಿಲಿನ ರಾಕ್ಸ್ ಮಾಡಲು ಅದನ್ನು 2850ಕ್ಕೆ ಎಳೆದರು. ರಾಕ್ಸ್‌ನ ಬ್ರೇಕ್‌ಓವರ್ 23.9 ಡಿಗ್ರಿ. ಜಿಮ್ನಿಯ ಅಂತರ 2590, ಕೋನ 24. ಅಂದರೆ ಹೊಟ್ಟೆ ಎತ್ತರ ಕಡಿಮೆ ಇರುವ ಸಣ್ಣ ಜಿಮ್ನಿಯೂ ಎತ್ತರದ ಉದ್ದ ರಾಕ್ಸೂ ಇಲ್ಲಿ ಹೆಚ್ಚುಕಮ್ಮಿ ಒಂದೇ. ಗ್ರೌಂಡ್ ಕ್ಲಿಯರೆನ್ಸ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಅನ್ನುವುದು ಇದಕ್ಕೇ.

ಉದ್ದದಿಂದ ಲಾಭವೂ ಇದೆ. ಚಾರ್ಮಾಡಿಯ ತಿರುವುಗಳಲ್ಲಿ, ಶಿರಾಡಿಯ ಕಾಂಕ್ರೀಟ್ ಮೇಲೆ ಉದ್ದ ಗಾಡಿ ನೆಟ್ಟಗೆ ಕೂತು ಓಡುತ್ತದೆ, ಹಿಂದೆ ಕೂತವರ ಸೊಂಟ ಉಳಿಯುತ್ತದೆ. ಫುಟ್‌ಬೋರ್ಡ್ ಹಾಕಿಸುವ ಯೋಚನೆ ಇದ್ದರೆ ಅದು ಎಷ್ಟು ಕೆಳಗೆ ಇಳಿಯುತ್ತದೆ ನೋಡಿ. ಅಗ್ಗದ ಫುಟ್‌ಬೋರ್ಡ್ ಮೊದಲ ಅಡ್ಡ ಚರಂಡಿಗೇ ಬಾಗುತ್ತದೆ.

ಫೋರ್ ವೀಲ್ ಡ್ರೈವ್, ಆದರೆ ಯಾವ ಥರದ್ದು?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಜನ ಹೆಚ್ಚು ಮೋಸ ಹೋಗುವುದು ಇಲ್ಲೇ.

ಮೊದಲ ಪ್ರಶ್ನೆ: ನೀವು ನೋಡುತ್ತಿರುವ ಮಾದರಿಯಲ್ಲಿ ಫೋರ್ ವೀಲ್ ಡ್ರೈವ್ ಇದೆಯಾ? ಆಗಸ್ಟ್ 2024ರಲ್ಲಿ ರಾಕ್ಸ್ ಬಂದಾಗ 12.99 ಲಕ್ಷ ಅಂತ ಎಲ್ಲೆಡೆ ಸುದ್ದಿಯಾಯಿತು. ಅದು ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಪೆಟ್ರೋಲ್ ಗಾಡಿ. ಫೋರ್ ವೀಲ್ ಡ್ರೈವ್ ಬೆಲೆ ಮುಂದಿನ ತಿಂಗಳು ಹೇಳಿದರು, ಅದು ಆಗ 18.79 ಲಕ್ಷದಿಂದ ಶುರುವಾಗುತ್ತಿತ್ತು, ಅದೂ ಡೀಸೆಲ್‌ನಲ್ಲಿ ಮಾತ್ರ. ನೋಡಲು ಎರಡೂ ಒಂದೇ ಥರ. ಜಿಮ್ನಿಯಲ್ಲಿ ಈ ಗೊಂದಲವಿಲ್ಲ, ಎಲ್ಲ ಮಾದರಿಯಲ್ಲೂ ನಾಲ್ಕು ಚಕ್ರ ಎಳೆಯುತ್ತದೆ. ಗೂರ್ಖಾದಲ್ಲೂ ಹಾಗೆಯೇ.

ಎರಡನೇ ಪ್ರಶ್ನೆ: ಲೋ ರೇಂಜ್, ಅಂದರೆ ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರು (4 ಲೋ), ಇದೆಯಾ? ಕೆಲವು ಎಸ್‌ಯುವಿಗಳಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಆದರೆ ಲೋ ಗೇರ್ ಇರುವುದಿಲ್ಲ. ಮುಳ್ಳಯ್ಯನಗಿರಿಗೆ ಹೋಗಿ ಬರಲು ಅದು ಸಾಕು. ಹಿಂದಿನ ಸೀಟಿನ ತುಂಬ ಜನ ಕೂರಿಸಿಕೊಂಡು ಕೆಸರಿನ ಏರು ಹತ್ತುವುದಕ್ಕೆ, ಅದಕ್ಕಿಂತ ಮುಖ್ಯವಾಗಿ ಇಳಿಯುವುದಕ್ಕೆ, ಲೋ ರೇಂಜ್ ಬೇಕು. 4 ಲೋ ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ, ಬ್ರೇಕ್ ಮುಟ್ಟಬೇಕಿಲ್ಲ. ಪಾಚಿ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದವರ ಗಾಡಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಿಮಗೂ ಗೊತ್ತು.

ಮೂರನೇ ಪ್ರಶ್ನೆ ಡಿಫರೆನ್ಷಿಯಲ್ ಲಾಕ್. ಸಾಮಾನ್ಯ ಡಿಫರೆನ್ಷಿಯಲ್‌ಗೆ ಒಂದು ಕೆಟ್ಟ ಗುಣ. ಹಿಡಿತ ಇಲ್ಲದ ಚಕ್ರ ಸುಲಭವಾಗಿ ತಿರುಗುತ್ತದೆ ಅಂತ ಅದನ್ನೇ ತಿರುಗಿಸುತ್ತಾ ಕೂರುತ್ತದೆ. ಜಾಡಿನ ಗುಂಡಿಯಲ್ಲಿ ಮುಂದಿನ ಬಲಗಾಲಿ, ಹಿಂದಿನ ಎಡಗಾಲಿ ಎರಡೂ ಗಾಳಿಯಲ್ಲಿ ತೇಲಿದರೆ ಆ ಎರಡೇ ಗಿರಗಿರ ತಿರುಗುತ್ತವೆ, ಗಾಡಿ ಅಲ್ಲೇ. ಫೋರ್ ವೀಲ್ ಡ್ರೈವ್ ಇದ್ದೂ ಹೂತುಕೊಂಡಿತಲ್ಲ ಅನ್ನುವ ಗೋಳು ಹುಟ್ಟುವುದು ಇಲ್ಲಿಂದ. ಜಿಮ್ನಿ ಇದಕ್ಕೆ ಬ್ರೇಕ್ ಬಳಸುತ್ತದೆ. ಸುಮ್ನೆ ತಿರುಗುವ ಚಕ್ರವನ್ನು ಬ್ರೇಕ್ ಹಿಡಿದು, ಶಕ್ತಿ ಆಚೆ ಚಕ್ರಕ್ಕೆ ಹೋಗುವಂತೆ ಮಾಡುತ್ತದೆ. ಕೆಲಸ ಮಾಡುತ್ತದೆ, ಆದರೆ ಆಕ್ಸಿಲರೇಟರ್ ಬಿಡದೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ರಾಕ್ಸ್‌ನ ಫೋರ್ ವೀಲ್ ಡ್ರೈವ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಎಲೆಕ್ಟ್ರಾನಿಕ್ ಲಾಕ್ ಸಿಗುತ್ತದೆ. ನೀವು ಕೊಳ್ಳುವ ಮಾದರಿಯಲ್ಲಿ ಅದು ಇದೆಯಾ ಅಂತ ಬರೆಸಿಕೊಳ್ಳಿ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಕೈಯಲ್ಲೇ ಹಾಕುವ ಲಾಕ್. ಈ ಒಂದು ವಿಷಯದಲ್ಲಿ ಆ ಬೆಲೆಗೆ ಗೂರ್ಖಾಕ್ಕೆ ಸಾಟಿಯಿಲ್ಲ.

ಇನ್ನೊಂದು ಮಾತು. ಈ ನಾಲ್ಕೂ ಗಾಡಿಗಳಲ್ಲಿ ಇರುವುದು ಬೇಕಾದಾಗ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಾದರೆ ಸ್ವಲ್ಪ ಜಾರಿ ಸರಿಹೋಗುತ್ತದೆ. ಶಿರಾಡಿ ಘಾಟಿಯ ಒಣ ಕಾಂಕ್ರೀಟ್ ಮೇಲೆ 4 ಹೈ (ಮಾಮೂಲಿ ವೇಗದ ಫೋರ್ ವೀಲ್ ಡ್ರೈವ್) ಹಾಕಿಕೊಂಡು ಓಡಿಸಿದರೆ ಆ ಎಳೆದಾಟವೆಲ್ಲ ಗೇರ್‌ಗಳ ಮೇಲೆ ಬೀಳುತ್ತದೆ. ಸ್ಟೇರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಕಟಕಟ ಸದ್ದು ಬರುತ್ತದೆ. ಟಾರು ಬಂದ ತಕ್ಷಣ ಟೂ ವೀಲ್‌ಗೆ ಹಾಕಿ.

ಟೈರಿನ ಮೇಲೆ ದುಡ್ಡು ಹಾಕಿ

ಒಳ್ಳೇ ಟೈರು ಹಾಕಿದ ಸಾಧಾರಣ ಗಾಡಿ, ಕೆಟ್ಟ ಟೈರು ಹಾಕಿದ ದುಬಾರಿ ಗಾಡಿಯನ್ನು ಕೆಸರಿನಲ್ಲಿ ಹಿಂದೆ ಹಾಕುತ್ತದೆ. ಕಂಪನಿಯಿಂದ ಬರುವ ಟೈರುಗಳು ಎಚ್‌ಟಿ ಅಂದರೆ ಹೆದ್ದಾರಿಯವೋ, ಎಟಿ ಅಂದರೆ ಎರಡಕ್ಕೂ ಆಗುವವೋ ಅಂತ ಪಕ್ಕದ ಬರಹದಲ್ಲೇ ನೋಡಿ. ಹೆದ್ದಾರಿ ಟೈರಿನ ಸಂದಿಗೆ ಕೆಮ್ಮಣ್ಣು ತುಂಬಿಕೊಂಡರೆ ಎರಡೇ ಸುತ್ತಿಗೆ ನುಣ್ಣಗಾಗುತ್ತದೆ. ಎಂಟಿ ಅಂದರೆ ಪೂರ್ತಿ ಕೆಸರಿನ ಟೈರು. ಅದು ಬೇಡ ಅನ್ನುತ್ತೇನೆ. ನೀವು ವಾರಕ್ಕೊಮ್ಮೆ ಹಾಸನಕ್ಕೋ ಬೆಂಗಳೂರಿಗೋ ಹೋಗುವವರಾದರೆ ಅದರ ಸದ್ದು ತಲೆ ತಿನ್ನುತ್ತದೆ, ಒದ್ದೆ ಟಾರಿನ ಮೇಲೆ ಬ್ರೇಕ್ ಹಿಡಿತವೂ ಕಮ್ಮಿ.

ರಿಮ್ ದೊಡ್ಡದಾದಷ್ಟೂ ನೋಡಲು ಚೆಂದ, ಕಲ್ಲಿಗೆ ಕೆಟ್ಟದ್ದು. ರಾಕ್ಸ್‌ನ ಮೇಲಿನ ಮಾದರಿಯಲ್ಲಿ 19 ಇಂಚಿನ ರಿಮ್, ಅದರ ಕೆಳಗಿನವಕ್ಕೆ 18. ಟೈರಿನ ಅಗಲ ಎರಡಕ್ಕೂ 255. ಲೆಕ್ಕ ಹಾಕಿದರೆ 18 ಇಂಚಿನದಕ್ಕೆ ಪಕ್ಕದ ರಬ್ಬರ್ ಸುಮಾರು 13 ಮಿಲಿಮೀಟರ್ ಜಾಸ್ತಿ ಸಿಗುತ್ತದೆ. ತೋಟಕ್ಕೆ ನನ್ನ ಆಯ್ಕೆ 18. ಕೆಸರಿಗೆ ಇಳಿಯುವ ಮೊದಲು ಗಾಳಿಯನ್ನು 22–24 ಪಿಎಸ್‌ಐಗೆ ಇಳಿಸಿದರೆ ಹಿಡಿತ ಎಷ್ಟು ಬದಲಾಗುತ್ತದೆ ಅಂತ ಒಮ್ಮೆ ಮಾಡಿ ನೋಡಿ. ಟಾರಿಗೆ ಬಂದ ಮೇಲೆ ವಾಪಸ್ ತುಂಬಬೇಕು, ಹಾಗಾಗಿ ಗಾಡಿಯ ಸಾಕೆಟ್‌ಗೆ ಚುಚ್ಚುವ ಸಣ್ಣ ಕಂಪ್ರೆಸರ್ ಜೊತೆಗಿರಲಿ. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದ್ದೇನಾ ಅನ್ನುವುದನ್ನೂ ನೋಡಿ.

ಡೀಸೆಲ್ಲೋ ಪೆಟ್ರೋಲೋ

ತೋಟದವರ ಬಾಯಲ್ಲಿ ಬರುವುದು ಡೀಸೆಲ್ ಒಂದೇ. ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವ ಶಕ್ತಿ ಕೆಸರಿಗೆ ಬೇಕು, ನಿಜ. ಗೂರ್ಖಾದ 2.6 ಲೀಟರ್ ಇಂಜಿನ್ನಿನ 320 ನ್ಯೂಟನ್ ಮೀಟರ್ ಟಾರ್ಕ್ ಎಲ್ಲಿ, ಜಿಮ್ನಿಯ 134 ಎಲ್ಲಿ. ಆದರೆ ಜಿಮ್ನಿಯ ತೂಕ 1200 ಕೆಜಿ ಆಸುಪಾಸು. ಹಗುರ ಗಾಡಿ ಕೆಸರಿನಲ್ಲಿ ಮುಳುಗುವುದು ಕಮ್ಮಿ, ಸಿಕ್ಕಿಕೊಂಡರೂ ನಾಲ್ಕು ಜನ ಸೇರಿ ತಳ್ಳಬಹುದು. ಎರಡು ಟನ್ ಹತ್ತಿರ ಇರುವ ಗಾಡಿ ಹೂತರೆ ಟ್ರ್ಯಾಕ್ಟರೇ ಬರಬೇಕು. ಹೆದ್ದಾರಿಯಲ್ಲಿ ನಾಲ್ಕು ಜನ ಕೂತು ಓವರ್‌ಟೇಕ್ ಮಾಡುವಾಗ ಮಾತ್ರ ಜಿಮ್ನಿಯ ಇಂಜಿನ್ ಬಡವಾಗಿ ಕಾಣುತ್ತದೆ. ಅದರಲ್ಲಿ ಡೀಸೆಲ್ ಆಯ್ಕೆಯೇ ಇಲ್ಲ.

ಡೀಸೆಲ್ ಕೊಳ್ಳುವ ಮೊದಲು ಡಿಪಿಎಫ್ ಬಗ್ಗೆ ತಿಳಿದುಕೊಳ್ಳಿ. ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಗಾಡಿ ತಾನೇ ಆ ಮಸಿಯನ್ನು ಸುಟ್ಟುಕೊಳ್ಳಬೇಕು, ಅದಕ್ಕೆ ಬಿಸಿ ಬೇಕು, ಬಿಸಿಯಾಗಲು ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಸೊಸೈಟಿಗೆ, ಎರಡನೇ ಗೇರಿನಲ್ಲಿ ಐದೈದು ಕಿಲೋಮೀಟರ್ ಓಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಕಡೆಗಣಿಸಿದರೆ ಇಂಜಿನ್ ಶಕ್ತಿ ಇಳಿಸಿಕೊಂಡು ಸರ್ವಿಸ್ ಸೆಂಟರ್ ದಾರಿ ತೋರಿಸುತ್ತದೆ. ಉಪಾಯ ಸರಳ. ಆಗಾಗ ಕಡೂರು ರಸ್ತೆಯಲ್ಲೋ ಹಾಸನದ ಹೆದ್ದಾರಿಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಟಾರು ಕಾಣುವುದೇ ತಿಂಗಳಿಗೊಮ್ಮೆ ಅನ್ನುವವರಿಗೆ ಪೆಟ್ರೋಲೇ ನೆಮ್ಮದಿ.

ಆಟೋಮ್ಯಾಟಿಕ್ ಬೇಡ ಅನ್ನುವ ಹಳೇ ವಾದ ಈಗ ಅಷ್ಟು ಗಟ್ಟಿಯಿಲ್ಲ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಏರಿನಲ್ಲಿ ಕ್ಲಚ್ ಸುಡದೆ ಹತ್ತುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡಲಾಗುವುದಿಲ್ಲ, ಅದಕ್ಕೆ ಜಂಪರ್ ಕೇಬಲ್ ಇಟ್ಟುಕೊಳ್ಳಿ. ಗೂರ್ಖಾದಲ್ಲಿ ಮ್ಯಾನುಯಲ್ ಮಾತ್ರ.

ಶೋರೂಂನಲ್ಲಿ ಮಂಡಿಯೂರಿ

ಸೇಲ್ಸ್‌ನವರು ಸೀಟಿನಲ್ಲಿ ಕೂರಿಸಿ ಸ್ಕ್ರೀನ್ ತೋರಿಸುವ ಮೊದಲೇ ನೆಲಕ್ಕೆ ಬಗ್ಗಿ. "ಏನ್ ಸಾರ್ ನೋಡ್ತಿದೀರ?" ಅಂತ ಕೇಳುತ್ತಾರೆ, ಕೇಳಲಿ. ಇಂಜಿನ್ ಮತ್ತು ಟ್ಯಾಂಕಿನ ಕೆಳಗೆ ಕಬ್ಬಿಣದ ತಟ್ಟೆ ಇದೆಯಾ, ಅಥವಾ ಬರೀ ಪ್ಲಾಸ್ಟಿಕ್ಕಾ? ಎಳೆಯುವ ಕೊಕ್ಕೆ ಮುಂದೆ ಹಿಂದೆ ಎರಡೂ ಕಡೆ ಚಾಸಿಗೆ ಗಟ್ಟಿಯಾಗಿ ಕೂತಿದೆಯಾ? ಆಕ್ಸಲ್‌ಗಳಿಂದ ಮೇಲಕ್ಕೆ ಹೋಗುವ ಸಣ್ಣ ಉಸಿರುಕೊಳವೆ ಎಷ್ಟು ಎತ್ತರದಲ್ಲಿ ಮುಗಿಯುತ್ತದೆ? ಅದು ಕೆಳಗೇ ಇದ್ದರೆ ಹಳ್ಳ ದಾಟುವಾಗ ಬಿಸಿ ಆಕ್ಸಲ್ ತಣ್ಣಗಾಗಿ ನೀರು ಒಳಗೆ ಎಳೆದುಕೊಳ್ಳುತ್ತದೆ, ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಾನೆಟ್ ಎತ್ತಿಸಿ ಇಂಜಿನ್ ಗಾಳಿ ಎಳೆಯುವ ಬಾಯಿ ಎಲ್ಲಿದೆ ನೋಡಿ. ಗೂರ್ಖಾದಲ್ಲಿ ಸ್ನಾರ್ಕೆಲ್, ಅಂದರೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ, ಕಂಪನಿಯಿಂದಲೇ ಬರುತ್ತದೆ.

ಹಾಗೇ ವೈರಿಂಗ್ ಕಡೆಯೂ ಕಣ್ಣು ಹಾಯಿಸಿ. ನಮ್ಮ ಶೆಡ್‌ಗಳಲ್ಲಿ ಇಲಿ ಕಾಟ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಹಳೇ ಜೀಪಿನಲ್ಲಿ ಇಲಿ ತಿಂದರೆ ಕೊಟ್ಟಿಗೆಹಾರದ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಜೋಡಿಸುತ್ತಿದ್ದ. ಈಗಿನ ಗಾಡಿಯಲ್ಲಿ ಒಂದು ಸೆನ್ಸರ್ ವೈರು ಹೋದರೆ ನಾಲ್ಕು ದೀಪ ಒಟ್ಟಿಗೆ ಹತ್ತುತ್ತವೆ, ಕಂಪ್ಯೂಟರ್ ಇರುವ ಜಾಗಕ್ಕೇ ಹೋಗಬೇಕು. ಇದು ಎಲ್ಲ ಹೊಸ ಗಾಡಿಗಳ ದೌರ್ಬಲ್ಯ. ಅದಕ್ಕೇ ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ ಅನ್ನುವುದನ್ನು ಗಾಡಿಯ ಗುಣಗಳ ಜೊತೆಗೇ ಲೆಕ್ಕ ಹಾಕಿ. ಮಾರುತಿ, ಮಹೀಂದ್ರಾ ಎರಡಕ್ಕೂ ಹಾಸನ, ಚಿಕ್ಕಮಗಳೂರು ಎರಡರಲ್ಲೂ ಸರ್ವಿಸ್ ಇದೆ. ಬೇರೆ ಕಂಪನಿಯದಾದರೆ ಬುಕ್ ಮಾಡುವ ಮೊದಲು ಆ ಸೆಂಟರ್‌ಗೇ ಹೋಗಿ, ಕ್ಲಚ್ ಪ್ಲೇಟ್ ಅಥವಾ ಮುಂದಿನ ಗಾಜು ಬೇಕಾದರೆ ಎಷ್ಟು ದಿನ ಅಂತ ಕೇಳಿ. ಉತ್ತರ ಕೊಡುವಾಗಿನ ಅವರ ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ.

ಟೆಸ್ಟ್ ಡ್ರೈವ್ ಎಲ್ಲಿ?

ಹಾಸನದ ಬೈಪಾಸಿನಲ್ಲಿ ಎರಡು ಕಿಲೋಮೀಟರ್ ಓಡಿಸಿ ವಾಪಸ್ ಬಂದರೆ ಅದು ಟೆಸ್ಟ್ ಡ್ರೈವ್ ಅಲ್ಲ. ಚಿಕ್ಕಮಗಳೂರಿನಲ್ಲಾದರೆ ಕೈಮರದ ಕಡೆ ಏರು ಇದೆ, ಅಲ್ಲಿಗೆ ಕೇಳಿ. ಸಾಧ್ಯವಾದರೆ ಗಾಡಿಯನ್ನು ನಿಮ್ಮ ಮನೆಗೇ ತರಿಸಿಕೊಳ್ಳಿ, ದುಬಾರಿ ಗಾಡಿಗೆ ಎಷ್ಟೋ ಕಡೆ ಒಪ್ಪುತ್ತಾರೆ. ತೋಟದ ದಾರಿಗೆ ಇಳಿಸಲು ಒಪ್ಪದಿದ್ದರೆ ಹೋಗಲಿ, ಜಲ್ಲಿ ರಸ್ತೆಯಾದರೂ ಸಾಕು.

ಗಮನಿಸಬೇಕಾದದ್ದು ಇವು. 4 ಹೈನಿಂದ 4 ಲೋಗೆ ಹಾಕಿ ನೋಡಿ. ಸುಲಭವಾಗಿ ಬೀಳುತ್ತದಾ, ಇಲ್ಲ ಲಿವರ್ ಜೊತೆ ಕುಸ್ತಿಯಾ? ಗುಂಡಿಯ ಮೇಲೆ 20ರ ವೇಗದಲ್ಲಿ ಹೋದಾಗ ಹಿಂದಿನ ಸೀಟಿನವರಿಗೆ ಹೇಗನಿಸುತ್ತದೆ? ಹೀಗಾಗಿ ಒಬ್ಬರೇ ಹೋಗಬೇಡಿ. ಆಕ್ಸಲ್ ಗಟ್ಟಿ ತುಂಡಾಗಿರುವ ಗಾಡಿಗಳು ಅಕ್ಕಪಕ್ಕ ತೂಗುವುದು ಜಾಸ್ತಿ, ಕಾರಿನಲ್ಲೇ ವಾಂತಿ ಮಾಡುವ ಮಕ್ಕಳಿದ್ದರೆ ಅವರನ್ನೇ ಕೂರಿಸಿ ಪರೀಕ್ಷೆ ಮಾಡಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸಿ. ನೆತ್ತಿ ಹತ್ತುವಾಗ ಬಾನೆಟ್ ಆಚೆ ದಾರಿ ಕಾಣುತ್ತದಾ? ಮುಂದಿನ ಗಾಜಿನ ಅಂಚಿನ ಕಂಬ ದಪ್ಪವಾಗಿದ್ದರೆ ತಿರುವಿನಲ್ಲಿ ಎದುರಿನ ಬೈಕು ಅದರ ಹಿಂದೆ ಮರೆಯಾಗುತ್ತದೆ, ಚಾರ್ಮಾಡಿಯ ಮಂಜಿನಲ್ಲಿ ಇದು ಸಣ್ಣ ವಿಷಯವಲ್ಲ. ಎಲ್ಲ ಕಿಟಕಿ ಮುಚ್ಚಿ, ಒಳಗೆ ಉಸಿರಿನ ಮಬ್ಬು ಹಿಡಿದಾಗ ಎಷ್ಟು ಬೇಗ ಬಿಡಿಸುತ್ತದೆ ಅನ್ನುವುದನ್ನೂ ನೋಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಹತ್ತಿಸಿ ಇಳಿಸಿ. ಮೂರು ಬಾಗಿಲಿನ ಥಾರ್‌ನ ಹಿಂದಿನ ಸೀಟಿಗೆ ಅಜ್ಜಿ ಹೋಗುವುದು ಆಗದ ಮಾತು. ಸಾಮಾನಿನ ಜಾಗವೂ ಹಾಗೇ. ಜಿಮ್ನಿಯಲ್ಲಿ ಹಿಂದಿನ ಸೀಟು ಇಟ್ಟುಕೊಂಡರೆ 208 ಲೀಟರ್, ಸಂತೆಯ ಎರಡು ಚೀಲಕ್ಕೆ ಮುಗಿಯಿತು. ಗೊಬ್ಬರ, ಕಾಫಿ ಮೂಟೆ ಹೊರುವುದೇ ಮುಖ್ಯ ಕೆಲಸವಾದರೆ ಈ ಯಾವ ಗಾಡಿಯೂ ಬೇಡ, ಪಿಕಪ್ ನೋಡಿ. ಅಂದಹಾಗೆ, ರಾಕ್ಸ್ ಮೊದಲು ಬಂದಾಗ ಒಳಗೆಲ್ಲ ಬಿಳಿ ಸೀಟು. ಗಂಬೂಟಿನ ಕೆಸರು, ಇಂಬಳ ಕಚ್ಚಿದ ರಕ್ತ ಎಲ್ಲ ಒಟ್ಟಿಗೆ ಹತ್ತುವ ನಮ್ಮ ಮನೆಗಳಿಗೆ ಅದು ಯಾರ ಐಡಿಯಾವೋ. ಜನ ಗೊಣಗಿದ ಮೇಲೆ ಫೋರ್ ವೀಲ್ ಡ್ರೈವ್‌ಗೆ ಮೋಕಾ ಬ್ರೌನ್ ಬಣ್ಣ ಕೊಟ್ಟರು. ಕಾಫಿ ನಾಡಿನವರು ಅದನ್ನೇ ತೆಗೆದುಕೊಳ್ಳಿ.

ಸುರಕ್ಷತೆಗೆ ಭಾರತ್ ಎನ್‌ಕ್ಯಾಪ್ ಅನ್ನುವ ಡಿಕ್ಕಿ ಪರೀಕ್ಷೆಯ ಅಂಕ ನೋಡಿ. ರಾಕ್ಸ್‌ಗೆ ನವೆಂಬರ್ 2024ರಲ್ಲಿ ಐದು ಸ್ಟಾರ್ ಬಂತು. ರಾಕ್ಸ್, ಜಿಮ್ನಿ ಎರಡರಲ್ಲೂ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್. ಗೂರ್ಖಾದಲ್ಲಿ ಎರಡು.

ದುಡ್ಡಿನ ಲೆಕ್ಕ

ಎಕ್ಸ್‌ಶೋರೂಂ ಬೆಲೆ ಕೇಳಿ ಖುಷಿಪಡಬೇಡಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ರಸ್ತೆ ತೆರಿಗೆ ಶೇ 17, 20 ಲಕ್ಷ ದಾಟಿದರೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಸೆಸ್. 18.79 ಲಕ್ಷದ ಗಾಡಿಗೆ ತೆರಿಗೆಯೇ ಮೂರೂವರೆ ಲಕ್ಷ ಆಗುತ್ತದೆ. ಒಂದು ಮಾದರಿ ಮೇಲೆ ಹೋಗಲು 20 ಲಕ್ಷದ ಗೆರೆ ದಾಟುತ್ತೀರಾದರೆ ಆ ಶೇ 1 ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ.

ಸೆಪ್ಟೆಂಬರ್ 22, 2025ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಇಂಜಿನ್ 1200 ಸಿಸಿ ಅಥವಾ ಡೀಸೆಲ್ 1500 ಸಿಸಿ ಮೀರದಿದ್ದರೆ ಶೇ 18, ಉಳಿದವಕ್ಕೆ ಶೇ 40. ಜಿಮ್ನಿ ನಾಲ್ಕು ಮೀಟರ್ ಒಳಗೇ ಇದೆ, ಆದರೆ ಇಂಜಿನ್ 1462 ಸಿಸಿ ಪೆಟ್ರೋಲ್, ಹಾಗಾಗಿ ಶೇ 40. 1.5 ಲೀಟರ್ ಡೀಸೆಲ್‌ನ ಮೂರು ಬಾಗಿಲಿನ ಥಾರ್‌ಗೆ ಶೇ 18. ಅದು ಅಗ್ಗವಾಗಿ ಕಾಣಲು ಕಾರಣ ಇದೇ, ಆದರೆ ಅದು ಟೂ ವೀಲ್ ಡ್ರೈವ್. ಮತ್ತೆ ಮೊದಲ ಪ್ರಶ್ನೆಗೇ ಬಂದೆವು, ಅಲ್ವಾ?

ಇನ್ಶೂರೆನ್ಸ್‌ನಲ್ಲಿ ಇಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳಿ. ಇಂಜಿನ್ ಒಳಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ. ನೀರಿನಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬಾರದು. ದೊಡ್ಡ ಟೈರು, ಮುಂದೆ ಕಬ್ಬಿಣದ ಗಾರ್ಡು ಹಾಕಿಸುವ ಆಸೆ ಇದ್ದರೆ ಆ ದುಡ್ಡು ಉಳಿಸಿ. ಕಂಪನಿ ಕೊಟ್ಟ ರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಡಿ ತಪ್ಪು. ಆ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಹೇಳಿದೆ. ವಾರಂಟಿ, ಇನ್ಶೂರೆನ್ಸ್ ಎರಡಕ್ಕೂ ತಕರಾರು ಬರುತ್ತದೆ.

ಒಂದು ಮಳೆಗಾಲ ಕಾಯಿರಿ

ಅಕ್ಟೋಬರ್ 2024ರಲ್ಲಿ ರಾಕ್ಸ್ ಬುಕಿಂಗ್ ತೆರೆದ ಒಂದು ಗಂಟೆಯಲ್ಲಿ 1.76 ಲಕ್ಷ ಜನ ದುಡ್ಡು ಕಟ್ಟಿದರು. ಜಿಮ್ನಿ ಜೂನ್ 2023ರಲ್ಲಿ 12.74 ಲಕ್ಷದಿಂದ ಶುರುವಾಗಿ, ಆರು ತಿಂಗಳಲ್ಲಿ ಅದರ ಥಂಡರ್ ಎಡಿಷನ್ 10.74 ಲಕ್ಷಕ್ಕೆ ಬಂತು. ಮೊದಲ ದಿನವೇ ಕೊಂಡವರಿಗೆ ಎರಡು ಲಕ್ಷ ಹೋಯಿತು. ಬುಕಿಂಗ್ ಸಂಖ್ಯೆ ನಿಮ್ಮ ದಾರಿಯ ಬಗ್ಗೆ ಏನೂ ಹೇಳುವುದಿಲ್ಲ, ಮಾರಾಟ ಕಡಿಮೆ ಅಂದ ಮಾತ್ರಕ್ಕೆ ಗಾಡಿ ಕೆಟ್ಟದ್ದೂ ಅಲ್ಲ. ಈಗಲೂ ಕಿರಿದಾದ ದಾರಿಗೆ ಮೊದಲು ಜಿಮ್ನಿ ನೋಡಿ ಅನ್ನುತ್ತೇನೆ. ಕುಟುಂಬ ದೊಡ್ಡದು, ಹೆದ್ದಾರಿ ಓಡಾಟ ಜಾಸ್ತಿ, ದಾರಿ ಅಗಲ ಇದೆ ಅನ್ನುವವರಿಗೆ ರಾಕ್ಸ್ ಡೀಸೆಲ್. ದಾರಿಯೇ ಇಲ್ಲದ ಕಡೆ ಮನೆ ಇದ್ದು, ಒಳಗಿನ ಅಂದಚೆಂದ ಬೇಡ ಅನ್ನುವವರಿಗೆ ಗೂರ್ಖಾ.

ಪೂರ್ತಿ ಹೊಸ ಮಾದರಿಯಾದರೆ, ಬೇರೆಯವರ ಗಾಡಿ ಒಂದು ಮಳೆಗಾಲ ಕಳೆಯಲಿ. ಬಾಗಿಲ ಸಂದಿಯಲ್ಲಿ ನೀರು ಸೋರುವುದು, ಬಾಗಿಲು ಕೀಲು ತುಕ್ಕು ಹಿಡಿಯುವುದು, ಸ್ಕ್ರೀನ್ ತಾನಾಗೇ ಆಫ್ ಆಗುವುದು, ಇವೆಲ್ಲ ಜುಲೈ–ಆಗಸ್ಟ್‌ನಲ್ಲಿ ಹೊರಬೀಳುತ್ತವೆ. ಕಾಫಿ ಕೊಯ್ಲಿನ ಹೊತ್ತಿಗೆ ಅಂಥ ಗಾಡಿ ಇಟ್ಟವರನ್ನು ಹುಡುಕಿ ಮಾತಾಡಿಸಿ, ಹೇಗಿದೆ ಅಂತ ಕೇಳಬೇಡಿ. ಎಷ್ಟು ಸಲ ಸರ್ವಿಸ್‌ಗೆ ಹೋಯಿತು, ಯಾತಕ್ಕೆ ಹೋಯಿತು ಅಂತ ಕೇಳಿ.

ಕೈಗೆ ಬರುವ ದಿನ

ಡೆಲಿವರಿಗೆ ಹಗಲು ಹೊತ್ತಿನಲ್ಲೇ ಹೋಗಿ. ಹಾರ ಹಾಕಿ ಫೋಟೋ ತೆಗೆಯುವ ಮೊದಲು ಚಾಸಿ ನಂಬರ್ ಬಿಲ್ಲಿನ ಜೊತೆ ತಾಳೆ ನೋಡಿ, ಗಾಡಿ ತಯಾರಾದ ತಿಂಗಳು ಕೇಳಿ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತದೆ, 2225 ಅಂದರೆ 2025ರ 22ನೇ ವಾರದ ಟೈರು. ಐದೂ ಟೈರು ನೋಡಿ, ಸ್ಟೆಪ್ನಿ ಬಿಡಬೇಡಿ. ಅಲ್ಲೇ ಅಂಗಳದಲ್ಲಿ 4 ಲೋ ಹಾಕಿ ನೇರಕ್ಕೆ ಹತ್ತು ಅಡಿ ಓಡಿಸಿ, ಲಾಕ್ ಇದ್ದರೆ ಅದರ ದೀಪ ಹತ್ತುತ್ತದಾ ನೋಡಿ. ಜಾಕ್, ಸ್ಪ್ಯಾನರ್, ಎಳೆಯುವ ಕೊಕ್ಕೆ ಎಲ್ಲಿಟ್ಟಿದ್ದಾರೆ ಅಂತ ಕೈಯಲ್ಲಿ ಹಿಡಿದೇ ತೋರಿಸಲಿ. ಒಂದು ಐಟಂ ಇಲ್ಲದಿದ್ದರೂ "ನಾಳೆ ಕಳಿಸ್ತೀವಿ ಸಾರ್" ಅನ್ನುವುದಕ್ಕೆ ಒಪ್ಪಬೇಡಿ, ಸಹಿ ಹಾಕುವ ಮೊದಲು ಬರೆಸಿಕೊಳ್ಳಿ.